ಗೊಬ್ಬರದ ಗುಂಡಿಯೂ ಹಳ್ಳದ ನೀರೂ

ತನಗೆ ಬೇಡವಾದುದನ್ನು ಕಣ್ಣಿಗೆ ಕಾಣದಂತೆ ಮಾಡಿಬಿಟ್ಟರೆ ಶುಚಿತ್ವ ಸಾಧಿಸಿತೆಂದು ತಿಳಿಯುವುದು ಮನುಷ್ಯನ ಹಳೆಯ ಚಾಳಿ. ಮನೆಯ ಕಸ ಬೀದಿಗೆ ಬಿದ್ದಿತು, ಮನೆ ಚೊಕ್ಕಟವಾಯಿತು. ಬೀದಿಯ ಕಸ ಚರಂಡಿಗೆ ಸೇರಿತು, ಬೀದಿ ಚೊಕ್ಕಟವಾಯಿತು. ಚರಂಡಿಯ ಕೊಳಕು ಹಳ್ಳಕ್ಕೆ ಹರಿಯಿತು, ಊರೇ ಚೊಕ್ಕಟವಾಯಿತು! ಆದರೆ ಹಳ್ಳದ ಗತಿ ಏನಾಯಿತೆಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಈ ವರ್ಷದ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಮಿತ್ರರ ಮುಂದಿಡಬೇಕೆಂದು ನಮಗೆ ತೋರಿದೆ. ವಿಷಯವೇನೂ ಪರಿಮಳದ್ದಲ್ಲ, ಅದು ಸಗಣಿಗೆ ಸಂಬಂಧಿಸಿದುದು. ಆದರೂ ಬೆಳಗಿನ ಚಹಕ್ಕೆ ಹಾಲು ಬೆರೆಸುವ ಪ್ರತಿಯೊಬ್ಬರಿಗೂ ಅದರೊಡನೆ ನಂಟು ಉಂಟು.

ಮುಂಬಯಿಗೆ ಕಡಲಿದೆಯೆಂಬುದನ್ನು ಎಲ್ಲರೂ ಬಲ್ಲರು. ನದಿಗಳೂ ಇವೆಯೆಂಬುದನ್ನು ಬಲ್ಲವರು ಕಡಿಮೆ. ಉಪನಗರಗಳ ನಡುವೆ ಹಬ್ಬಿರುವ ಗುಡ್ಡಗಾಡಿನಲ್ಲಿ ದಹಿಸರ, ಪೊಯಿಸರ, ಓಶಿವರಾ, ಮೀಠಿ ಎಂಬ ನಾಲ್ಕು ನದಿಗಳು ಹುಟ್ಟುತ್ತವೆ. ಇವುಗಳಲ್ಲಿ ಮೀಠಿಯು ವಿಹಾರ ಮತ್ತು ಪೊವಾಯಿ ಸರೋವರಗಳಿಂದ ಉಕ್ಕಿ ಬರುವ ನೀರನ್ನು ಹೊತ್ತು, ಸುಮಾರು 18 ಕಿಲೋಮೀಟರು ಹರಿದು ಮಾಹೀಮಿನ ಖಾಡಿಯನ್ನು ಸೇರುತ್ತದೆ. ಮೀಠಿ ಎಂದರೆ ಸಿಹಿ. ಇಂದು ಅದರ ದಡದಲ್ಲಿ ನಿಂತವರಿಗೆ ಆ ಹೆಸರು ಅಣಕದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. 2005ನೆಯ ಇಸವಿಯ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ 944 ಮಿಲಿಮೀಟರು ಮಳೆ ಸುರಿದು ಮೀಠಿಯು ಮನೆಗಳೊಳಗೆ ನುಗ್ಗಿದಾಗಲೇ, ತನಗೊಂದು ನದಿಯುಂಟೆಂಬುದು ಈ ಮಹಾನಗರದ ಅನೇಕರಿಗೆ ನೆನಪಾಯಿತು.

ಈ ನದಿಗಳ ಮಗ್ಗುಲಲ್ಲಿ ಎಮ್ಮೆಗಳ ತಬೇಲಾಗಳು ಬಹುಕಾಲದಿಂದ ಇವೆ. ದಹಿಸರ, ಪೊಯಿಸರ, ಓಶಿವರಾ ನದಿಗಳನ್ನು ಕೆಡಿಸುವ ಸಂಗತಿಗಳಲ್ಲಿ ತಬೇಲಾಗಳ ಸಗಣಿಯೂ ಒಂದೆಂಬುದು ಬಹಿರಂಗವಾದ ವಿಷಯ. ದನವೊಂದು ದಿನಕ್ಕೆ 15ರಿಂದ 20 ಕಿಲೋಗ್ರಾಂ ಸಗಣಿಯನ್ನು ಹಾಕುವುದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ ಅಂದಾಜು. ಕಡಿಮೆಯ ಅಂಕೆಯನ್ನೇ ಹಿಡಿಯೋಣ. ನೂರು ಎಮ್ಮೆಗಳ ಒಂದು ತಬೇಲಾದಲ್ಲಿ ದಿನಕ್ಕೆ 1,500 ಕಿಲೋಗ್ರಾಂ, ತಿಂಗಳಿಗೆ 45 ಟನ್ನು, ವರ್ಷಕ್ಕೆ 547 ಟನ್ನಿನಷ್ಟು ಸಗಣಿ ಕೂಡುವುದು. ಗಂಜಲದ ಲೆಕ್ಕ ಬೇರೆ. ಹಳ್ಳಿಯಲ್ಲಾದರೆ ಇದು ಐಶ್ವರ್ಯ. ಹೊಲವಿಲ್ಲದ ನಗರದಲ್ಲಿ ಇದನ್ನು ಹೊತ್ತು ಸಾಗಿಸುವುದಕ್ಕಿಂತ ನೀರಿನ ನಳಿಗೆ ಹಿಡಿದು ಚರಂಡಿಗೆ ತೊಳೆದುಬಿಡುವುದು ಸುಲಭ. ಹಾಗೆ ತೊಳೆದೊಡನೆ ಐಶ್ವರ್ಯವು ಅನರ್ಥವಾಗಿ ಪರಿಣಮಿಸುವುದು.

ಅನರ್ಥವೆಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸಿಲ್ಲ, ಲೆಕ್ಕದಿಂದಲೇ ತೋರಿಸಬಹುದು. ನಮ್ಮ ಹವೆಯಲ್ಲಿ ಹರಿಯುವ ಶುದ್ಧ ನೀರಿನ ಒಂದು ಲೀಟರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುವುದು. ಮೀನು, ಏಡಿ, ಹುಳುಗಳೆಲ್ಲ ಉಸಿರಾಡುವುದು ಈ ಅಲ್ಪ ಬಂಡವಾಳದಿಂದ. ಸಗಣಿ ನೀರಿಗೆ ಬಿದ್ದಾಗ ಅದನ್ನು ತಿಂದು ಕೊಳೆಯಿಸುವ ಸೂಕ್ಷ್ಮಜೀವಿಗಳೂ ಇದೇ ಆಮ್ಲಜನಕವನ್ನು ಬೇಡುತ್ತವೆ. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಈ ಬೇಡಿಕೆ ಲೀಟರಿಗೆ 3 ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ನಿಯಮ. ಮನೆಗಳಿಂದ ಬರುವ ಕೊಳಚೆನೀರಿನಲ್ಲಿ ಅದು 300ರ ಸುಮಾರಿಗೆ ಇರುವುದು. ಸಗಣಿ ಗಂಜಲಗಳ ಗಟ್ಟಿ ಬಗ್ಗಡದಲ್ಲಿ 10,000ಕ್ಕೂ ಮಿಕ್ಕಿರುವುದು! ಅಂದರೆ ಒಂದು ಲೀಟರು ಬಗ್ಗಡವು 1,250 ಲೀಟರು ಶುದ್ಧ ನೀರಿನ ಉಸಿರನ್ನೆಲ್ಲ ಹೀರಿಬಿಡಬಲ್ಲದು. ಇದರ ಮೇಲೆ ಗಂಜಲದಿಂದ ಹುಟ್ಟುವ ಅಮೋನಿಯಾ ಮೀನುಗಳಿಗೆ ನೇರವಾಗಿ ವಿಷ. ಸಾರಜನಕ, ರಂಜಕಗಳು ನಿಂತ ನೀರಿನಲ್ಲಿ ಪಾಚಿಗೂ ಅಂತರಗಂಗೆಗೂ ಭೋಜನವಾಗುತ್ತವೆ. ಆ ಹಸುರೆಲ್ಲ ಸತ್ತು ಕೊಳೆಯುವಾಗ ಉಳಿದ ಆಮ್ಲಜನಕವೂ ಹೋಗುತ್ತದೆ.

ರೋಗಾಣುಗಳ ಮಾತು ಇನ್ನೂ ಭಯಂಕರ. 2000ದ ಮೇ ತಿಂಗಳಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ ದೊಡ್ಡ ಮಳೆಯೊಂದು ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದ ರೋಗಾಣುಗಳನ್ನು ಊರಿನ ಬಾವಿಗೆ ಇಳಿಸಿತು. ನೀರಿಗೆ ಕ್ಲೋರಿನ್ ಬೆರೆಸುವ ಕೆಲಸದಲ್ಲೂ ಉಪೇಕ್ಷೆ ನಡೆದಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಏಳು ಮಂದಿ ತೀರಿಕೊಂಡರು. ಸಿರಿವಂತ ದೇಶವೊಂದರಲ್ಲಿ, ನಲ್ಲಿಯ ನೀರನ್ನು ನಂಬಿದ್ದ ಜನಕ್ಕೆ ಒದಗಿದ ದುರ್ಗತಿಯಿದು.

ಇಲ್ಲಿ ನ್ಯಾಯವಾದ ಒಂದು ಮಾತನ್ನು ಹೇಳಿಬಿಡಬೇಕು. ಮುಂಬಯಿಯ ನದಿಗಳ ಕೊಳಕಿನಲ್ಲಿ ದೊಡ್ಡ ಪಾಲು ಎಮ್ಮೆಗಳದಲ್ಲ. ನಮ್ಮ ನಿಮ್ಮ ಮನೆಗಳ ಕೊಳಚೆಯದು. ತಬೇಲಾದವನನ್ನು ಬೈದು ಕೈ ತೊಳೆದುಕೊಂಡರೆ ನದಿ ತಿಳಿಯಾಗುವುದಿಲ್ಲ. ಆದರೆ ಮನೆಯ ಕೊಳಚೆಯನ್ನು ಶುದ್ಧಗೊಳಿಸಲು ದೊಡ್ಡ ಯಂತ್ರಗಳೂ ಮೈಲಿಗಟ್ಟಲೆ ಕೊಳವೆಗಳೂ ಬೇಕು. ಸಗಣಿಗಾದರೋ ಅಂತಹ ಆಡಂಬರ ಬೇಕಿಲ್ಲ. ಅದು ನೀರಿಗೆ ಇಳಿಯುವ ಮುನ್ನವೇ ತಡೆದು, ಕಸಕಡ್ಡಿಯೊಡನೆ ಬೆರೆಸಿ, ಕಳಿಯಿಸಿ, ಮಣ್ಣಿಗೆ ಮರಳಿಸಿದರೆ ಸಾಕು. ಸುಲಭವಾಗಿ ತಪ್ಪಿಸಬಹುದಾದ ಕೆಡುಕನ್ನು ತಪ್ಪಿಸದಿರುವುದೇ ಹೆಚ್ಚಿನ ಅಪರಾಧವೆಂದು ನಮ್ಮ ಅಭಿಪ್ರಾಯ.

ಈ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಕೊಟ್ಟಿಗೆಯ ನೆಲಕ್ಕೆ ಮಳೆಗಾಲದಲ್ಲಿ ಹಸಿ ಸೊಪ್ಪನ್ನೂ ಬೇಸಗೆಯಲ್ಲಿ ತರಗೆಲೆಯನ್ನೂ ಹಾಸುವ ವಾಡಿಕೆಯುಂಟು. ಅಡಿಕೆ ತೋಟದವರು ಸೊಪ್ಪಿಗಾಗಿಯೇ ಬೆಟ್ಟವನ್ನು ಕಾಪಾಡಿಕೊಂಡು ಬಂದರು. ಬಯಲುಸೀಮೆಯಲ್ಲಿ ಗೋದಲೆಯಲ್ಲುಳಿದ ಜೋಳದ ದಂಟು, ರವದಿ, ಬೂದಿ ಎಲ್ಲವೂ ತಿಪ್ಪೆಗೆ ಸೇರುತ್ತಿದ್ದವು. ಊರಿಗೆ ಹೋದಾಗ ಅಜ್ಜನ ಮನೆಯ ಹಟ್ಟಿಯನ್ನು ಕಂಡ ಹುಡುಗರು ಕಾಲಡಿಯಲ್ಲಿ ಮೆತ್ತಗೆ ಸಿಕ್ಕುವ ಆ ಸೊಪ್ಪಿನ ಹಾಸನ್ನು ಬಲ್ಲರು. ಅದು ದನಕ್ಕೆ ಹಾಸಿಗೆ ಮಾತ್ರವಲ್ಲ. ಗಂಜಲವನ್ನು ಒಂದು ಹನಿಯೂ ಹರಿಯಗೊಡದೆ ಹೀರಿಕೊಳ್ಳುವ ಸಾಧನ. ಹಟ್ಟಿಯನ್ನು ನೀರಿನಿಂದ ತೊಳೆಯದೆ, ತುಳಿದ ಸೊಪ್ಪನ್ನು ಬಾಚಿ ಗುಂಡಿಗೆ ಹಾಕುವ ಆ ಪದ್ಧತಿಯಲ್ಲಿ ಹಳ್ಳದ ರಕ್ಷಣೆಯೂ ಅಡಗಿತ್ತು.

ಹಳ್ಳಿಗರ ಈ ಅನುಭವವನ್ನು ಶಾಸ್ತ್ರದ ಚೌಕಟ್ಟಿಗೆ ತಂದವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬೇಕು. ಇಂದೂರಿನ ಸಸ್ಯಸಂಶೋಧನಾಲಯದಲ್ಲಿ 1924ರಿಂದ 1931ರವರೆಗೆ ದುಡಿದ ಆಲ್ಬರ್ಟ್ ಹೋವಾರ್ಡರೂ ಅವರ ಸಹಕಾರಿ ಯಶವಂತ ವಾಡರೂ ಸಗಣಿ, ಗಂಜಲದಿಂದ ನೆನೆದ ಮಣ್ಣು, ಬೆಳೆಯ ಕಸ, ಬೂದಿಗಳನ್ನು ಪದರಪದರವಾಗಿ ಒಟ್ಟಿ, ಆಗಾಗ ತಿರುವಿಹಾಕಿ, ಕೆಲವೇ ತಿಂಗಳುಗಳಲ್ಲಿ ಗೊಬ್ಬರ ಮಾಡುವ ‘ಇಂದೂರು ಪದ್ಧತಿ’ಯನ್ನು ರೂಪಿಸಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಆಚಾರ್ಯ ಎಂಬ ವಿಜ್ಞಾನಿಗಳು, ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿ, ತಿರುವಿಹಾಕುವ ಶ್ರಮವಿಲ್ಲದೆ ಗೊಬ್ಬರ ಮಾಡುವ ‘ಬೆಂಗಳೂರು ಪದ್ಧತಿ’ಯನ್ನು ಬಳಕೆಗೆ ತಂದರು. ಕಾಂಪೋಸ್ಟು ಗೊಬ್ಬರದ ಗ್ರಂಥಗಳಲ್ಲಿ ನಮ್ಮ ನಾಡಿನ ನಗರದ ಹೆಸರು ಹೀಗೆ ನೆಲೆನಿಂತಿದೆ.

ರಾಶಿಯೊಳಗೆ ನಡೆಯುವುದೇನು? ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ದೊರೆತರೆ ಸೂಕ್ಷ್ಮಜೀವಿಗಳು ಚೆನ್ನಾಗಿ ವೃದ್ಧಿಯಾಗುತ್ತವೆ. ಸಗಣಿ ಗಂಜಲಗಳಲ್ಲಿ ಸಾರಜನಕ ಹೆಚ್ಚು, ಹುಲ್ಲು ತರಗೆಲೆಗಳಲ್ಲಿ ಇಂಗಾಲ ಹೆಚ್ಚು. ಎರಡೂ ಕೂಡಿದರೆ ಸಮತೋಲವಾಗುವುದು. ಗಾಳಿಯೂ ತೇವವೂ ಹದವಾಗಿದ್ದರೆ ಕೆಲವೇ ದಿನಗಳಲ್ಲಿ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುತ್ತದೆ. ಆ ಕಾವಿನಲ್ಲಿ ರೋಗಾಣುಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ನೀರಿನಲ್ಲಿ ಥಟ್ಟನೆ ಕರಗಿಹೋಗುತ್ತಿದ್ದ ಸಾರಜನಕವು ಸೂಕ್ಷ್ಮಜೀವಿಗಳ ಮೈಯಲ್ಲೂ ಕಪ್ಪು ಜೈವಿಕ ಮಣ್ಣಿನಲ್ಲೂ ಬಂಧಿತವಾಗಿ, ಮುಂದೆ ಬೆಳೆಗೆ ಸ್ವಲ್ಪ ಸ್ವಲ್ಪವಾಗಿ ದೊರೆಯುತ್ತದೆ. ಬೆಳೆ ಹೀರುವುದಕ್ಕಿಂತ ಬೇಗನೆ ಕರಗಿದ ಸಾರಜನಕವೇ ನೈಟ್ರೇಟಾಗಿ ಬಾವಿಗೂ ಹಳ್ಳಕ್ಕೂ ಇಳಿಯುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮನ್ನು ಮೀರಿದರೆ ಹಸುಗೂಸುಗಳಿಗೆ ಅಪಾಯ. ಕಳಿತ ಗೊಬ್ಬರ ತಿಂದ ಮಣ್ಣು ಮಳೆನೀರನ್ನು ಹೆಚ್ಚಾಗಿ ಹಿಡಿದುಕೊಳ್ಳುವುದರಿಂದ ಕೊಚ್ಚಿಹೋಗುವುದೂ ಕಡಿಮೆಯಾಗುತ್ತದೆ. ಇನ್ನೊಂದು ಲಾಭವನ್ನು ಮರೆಯಬಾರದು. ಹಸಿ ಸಗಣಿಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಬರಿಯ ನೀರು. ಕಳಿತು ಆರಿದ ಗೊಬ್ಬರ ಹಗುರ, ದುರ್ವಾಸನೆಯಿಲ್ಲದ್ದು. ಅದನ್ನು ಹಳ್ಳದ ದಡದಿಂದೆತ್ತಿ ದೂರದ ಹೊಲಕ್ಕೆ ಸಾಗಿಸಬಹುದು.

ಇಷ್ಟನ್ನು ಓದಿ, ‘ಗೊಬ್ಬರದ ಗುಂಡಿ ತೋಡಿದರೆ ಹಳ್ಳ ಉಳಿಯಿತು’ ಎಂದು ಯಾರಾದರೂ ತೀರ್ಮಾನಿಸಿದರೆ ಅವಸರವಾದೀತು. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿಯೇ ಇದೆ. ಕೆಟ್ಟದಾಗಿ ಮಾಡಿದ ಗೊಬ್ಬರದ ರಾಶಿಯು ತಾನೇ ಹಳ್ಳಕ್ಕೆ ಶತ್ರುವಾಗಬಲ್ಲದು. ಮುಂಬಯಿಯ ಮಳೆಗಾಲದಲ್ಲಿ 2,000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವುದು. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಬಯಲು ರಾಶಿಯ ಮೇಲೆ ಆ ನಾಲ್ಕು ತಿಂಗಳಲ್ಲಿ ಬೀಳುವ ನೀರು 2 ಲಕ್ಷ ಲೀಟರು! ಅದು ರಾಶಿಯನ್ನು ತಣ್ಣಗಾಗಿಸಿ ಕೆಲಸವನ್ನು ನಿಲ್ಲಿಸುತ್ತದೆ. ಕಂದು ಬಣ್ಣದ ಕಷಾಯವಾಗಿ ಬಸಿದು ನೇರವಾಗಿ ಹಳ್ಳಕ್ಕೆ ಇಳಿಯುತ್ತದೆ. ಒಣಹವೆಯ ಪ್ರದೇಶಕ್ಕೆ ಒಪ್ಪುವ ಗುಂಡಿಯ ಪದ್ಧತಿಯನ್ನು ಇಂತಹ ಮಳೆನಾಡಿನಲ್ಲಿ ಕಣ್ಣುಮುಚ್ಚಿ ಅನುಸರಿಸಿದರೆ ಗುಂಡಿಯು ಬಾವಿಯೇ ಆದೀತು. ಇನ್ನು ರಂಜಕ. ಸಾರಜನಕದ ಒಂದಂಶ ಗಾಳಿಗೆ ಹಾರಿಹೋದರೂ ರಂಜಕವು ಎಲ್ಲಿಗೂ ಹೋಗದು. ರಾಶಿ ಕುಗ್ಗಿದಷ್ಟೂ ಅದು ಸಾಂದ್ರವಾಗುವುದು. ಗೊಬ್ಬರ ಒಳ್ಳೆಯದೆಂದು ಹಳ್ಳದ ಪಕ್ಕದ ಒಂದೇ ಹೊಲಕ್ಕೆ ವರ್ಷವರ್ಷವೂ ಸುರಿದರೆ ಮಣ್ಣು ತುಂಬಿ ತುಳುಕಿ ರಂಜಕವು ಮಳೆಯೊಡನೆ ಹರಿಯುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಗೊಬ್ಬರಕ್ಕೂ ಸಲ್ಲುವುದು.

ಆದುದರಿಂದ ‘ಇಲ್ಲಿ ಗೊಬ್ಬರ ತಯಾರಾಗುತ್ತದೆ’ ಎಂದು ಫಲಕ ತೂಗುಹಾಕುವುದು ಬರಿಯ ತಿಪ್ಪೆ ಸಾರಿಸುವ ಕೆಲಸವಾಗಬಾರದು. ರಾಶಿಯು ಹಳ್ಳದಿಂದ ದೂರದಲ್ಲಿ, ಎತ್ತರದ ನೆಲದ ಮೇಲೆ ಇರಬೇಕು. ಕೆಳಗೆ ನೀರು ಇಂಗದ ನೆಲಗಟ್ಟು, ಮೇಲೆ ಮಾಡು, ಸುತ್ತ ಮಳೆನೀರನ್ನು ಬೇರೆಡೆಗೆ ಒಯ್ಯುವ ಕಾಲುವೆ ಬೇಕು. ಬಸಿದುದನ್ನು ತೊಟ್ಟಿಯಲ್ಲಿ ಹಿಡಿದು ಪುನಃ ರಾಶಿಗೇ ಚಿಮುಕಿಸಬೇಕು. ರಾಶಿಯನ್ನು ಕಾಲಕಾಲಕ್ಕೆ ತಿರುವಿ, ಎಲ್ಲ ಭಾಗಕ್ಕೂ ಕಾವು ತಗಲುವಂತೆ ನೋಡಬೇಕು. ಹೊಲಕ್ಕೆ ಹಾಕುವಾಗ ಮಣ್ಣನ್ನು ಪರೀಕ್ಷಿಸಿ ಅಳತೆಯಿಟ್ಟು ಹಾಕಬೇಕು. ದೊಡ್ಡ ಮಳೆಯ ಮುನ್ನ ಹಾಕಬಾರದು. ಹಳ್ಳದಂಚಿಗೆ ಹುಲ್ಲು ಗಿಡಗಳ ಪಟ್ಟಿಯೊಂದನ್ನು ಬಿಟ್ಟಿರಬೇಕು. ಎಲ್ಲಕ್ಕಿಂತ ಮೊದಲು, ತಬೇಲಾದ ಸಗಣಿಯನ್ನು ಸಲಿಕೆಯಿಂದ ಎತ್ತಬೇಕೇ ಹೊರತು ನೀರಿನಿಂದ ತಳ್ಳಬಾರದು. ನೀರು ಪೊರಕೆಯಲ್ಲ.

ಇಷ್ಟೆಲ್ಲ ತೊಡಕೇಕೆ, ತಬೇಲಾಗಳನ್ನೇ ನಗರದಿಂದ ಹೊರಗೆ ಕಳುಹಿಸಿದರೆ ಆಯಿತಲ್ಲ ಎಂದು ಕೆಲವರು ಕೇಳುವರು. ಈ ಉಪಾಯವನ್ನು ಮುಂಬಯಿ ಒಮ್ಮೆ ಮಾಡಿ ನೋಡಿದೆ. ನಗರದೊಳಗಿನ ಎಮ್ಮೆಗಳನ್ನು ಹೊರವಲಯಕ್ಕೆ ಒಯ್ಯಲೆಂದು 1949ರಲ್ಲಿ ಗೋರೆಗಾಂವಿನ ಬಳಿ ಆರೇ ಹಾಲಿನ ವಸಾಹತು ಸ್ಥಾಪನೆಯಾಯಿತು. 32 ಘಟಕಗಳಲ್ಲಿ ಸುಮಾರು 16,000 ಎಮ್ಮೆಗಳಿಗೆ ಅಲ್ಲಿ ನೆಲೆ ಕಲ್ಪಿಸಲಾಯಿತು. ಅಂದು ಅದು ನಿಜವಾಗಿಯೂ ಊರಾಚೆ ಇದ್ದಿತು. ಆದರೆ ನಗರವು ಬೆಳೆಬೆಳೆದು ಅದನ್ನು ಸುತ್ತುವರಿಯಿತು. ಇಂದು ಪುನಃ ‘ಆಚೆಗೆ’ ಎಂದರೆ ಯಾವ ಆಚೆ? ನಾವು ಕುಡಿಯುವ ನೀರಿನ ಬಹುಭಾಗ ತಾನಸಾ, ವೈತರಣಾ, ಭಾತಸಾ ನದಿಗಳಿಂದ, ಗ್ರಾಮಾಂತರ ಜಿಲ್ಲೆಗಳಿಂದ ಬರುತ್ತಿದೆ. ನಮ್ಮ ಆಚೆಯೆಂಬುದು ಇನ್ನೊಬ್ಬರ ಅಂಗಳ; ಅವರ ಹಳ್ಳವೇ ನಾಳೆ ನಮ್ಮ ನಲ್ಲಿಯಾಗಬಹುದು. ಸಗಣಿಯನ್ನು ಸರಿಯಾಗಿ ನೋಡಿಕೊಳ್ಳದೆ ಎಮ್ಮೆಯನ್ನು ಮಾತ್ರ ಸಾಗಿಸಿದರೆ ರೋಗವನ್ನು ಸಾಗಿಸಿದಂತೆಯೇ ಹೊರತು ವಾಸಿ ಮಾಡಿದಂತಲ್ಲ. ಮತ್ತೆ ಕೆಲವರು ಗೋಬರ ಗ್ಯಾಸಿನ ಯಂತ್ರವೇ ಸಾಕೆನ್ನುವರು. ಅದು ಒಳ್ಳೆಯದೇ, ಅಡಿಗೆಗೆ ಉರುವಲು ಸಿಕ್ಕುತ್ತದೆ. ಆದರೆ ಯಂತ್ರದಿಂದ ಹೊರಬೀಳುವ ಬಗ್ಗಡದಲ್ಲಿ ಸಾರಜನಕ ರಂಜಕಗಳು ಹೆಚ್ಚು ಕಡಮೆ ಹಾಗೆಯೇ ಉಳಿದಿರುತ್ತವೆ. ಅದನ್ನೂ ಕಸದೊಡನೆ ಕಳಿಯಿಸಿ ಮಣ್ಣಿಗೇ ಕೊಡಬೇಕು.

ಹಾಗಾದರೆ ಖರ್ಚು ಯಾರದು? ನೆಲಗಟ್ಟು, ಮಾಡು, ತೊಟ್ಟಿ, ಲಾರಿ ಎಲ್ಲಕ್ಕೂ ಹಣ ಬೇಕು. ನಾಲ್ಕು ಎಮ್ಮೆ ಸಾಕಿ ಹೊಟ್ಟೆ ಹೊರೆಯುವವನೊಬ್ಬನ ತಲೆಯ ಮೇಲೆ ಇದನ್ನು ಹೇರುವುದು ನ್ಯಾಯವಲ್ಲ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಹಾಲಿನ ಕೇಂದ್ರಗಳಿಗಾಗಿ ಮಾರ್ಗದರ್ಶಿ ಸೂತ್ರಗಳನ್ನು ಹೊರಡಿಸಿ, ಸಗಣಿಯನ್ನು ಚರಂಡಿಗೆ ಬಿಡಬಾರದು, ಗೊಬ್ಬರಕ್ಕೂ ಅನಿಲಕ್ಕೂ ಬಳಸಬೇಕೆಂದು ಹೇಳಿದೆ. ನಿಯಮ ಬೇಕು, ಆದರೆ ದಂಡದ ಭಯದಿಂದಲೇ ಕೆಲಸ ಪೂರ್ತಿಯಾಗದು. ಈ ವಿಷಯದಲ್ಲಿ ನ್ಯೂಯಾರ್ಕು ನಗರದ ಉದಾಹರಣೆ ಗಮನಾರ್ಹವಾದುದು. ಆ ನಗರಕ್ಕೆ ನೀರು ಬರುವುದು ಬಹುಪಾಲು ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆಯ ತೊರೆಗಳಿಂದ; ಆ ತೊರೆಗಳ ದಡದಲ್ಲಿ ಹಾಲಿನ ದನಗಳನ್ನು ಸಾಕುವ ರೈತರಿದ್ದಾರೆ. ನೀರನ್ನೆಲ್ಲ ಸೋಸುವ ಸ್ಥಾವರಕ್ಕೆ ಶತಕೋಟಿಗಟ್ಟಲೆ ಡಾಲರು ಬೇಕಾಗುವುದೆಂದು ಕಂಡಾಗ ನಗರವು ಬೇರೊಂದು ದಾರಿ ಹಿಡಿಯಿತು. 1993ರಲ್ಲಿ ರೈತರ ಮಂಡಲಿಯೊಂದು ಏರ್ಪಟ್ಟಿತು; 1997ರಲ್ಲಿ ದೊಡ್ಡ ಒಪ್ಪಂದವಾಯಿತು. ಗೊಬ್ಬರವನ್ನು ತೊರೆಯಿಂದ ದೂರವಿಡುವ ಏರ್ಪಾಡುಗಳಿಗೆ ನಗರವೇ ಹಣ ಕೊಟ್ಟಿತು. ಆ ಬೆಟ್ಟಗಳ ನೀರನ್ನು ಇಂದಿಗೂ ರೋಗಾಣುರಹಿತ ಮಾಡುವರೇ ಹೊರತು ಸೋಸಬೇಕಾಗಿ ಬಂದಿಲ್ಲ. ಹಾಲು ಕುಡಿಯುವವರೂ ನೀರು ಕುಡಿಯುವವರೂ ಎಮ್ಮೆ ಸಾಕುವವರೂ ಹೊರೆಯನ್ನು ಹಂಚಿಕೊಳ್ಳಬೇಕೆಂಬುದೇ ಇದರ ಪಾಠ. ಒಂದು ಲೀಟರು ಹಾಲಿನ ಬೆಲೆಯಲ್ಲಿ ಹಳ್ಳದ ಪಾಲಿನ ಕೆಲವು ಪೈಸೆಗಳು ಸೇರಿದರೆ ನಾವು ಗೊಣಗಬಾರದು.

ವಿದ್ಯಾರ್ಥಿಗಳು ಇದಕ್ಕೆ ಮಾಡಬಹುದಾದುದೇನು? ಸಣ್ಣದೇ ಆದರೂ ಉಂಟು. ಕಾಂಪೋಸ್ಟಿಗೆ ಬೇಕಾದ ಇಂಗಾಲ ನಮ್ಮ ಬೀದಿಗಳಲ್ಲಿಯೇ ಉದುರುತ್ತದೆ. ಶಾಲೆಯ ಅಂಗಳದ ಮರಗಳ ತರಗೆಲೆಯನ್ನು ಬೆಂಕಿಗೆ ಹಾಕದೆ ಒಂದು ಮೂಲೆಯಲ್ಲಿ ಕೂಡಿಡಬಹುದು. ಅಂಗಳದಲ್ಲಿಯೇ ಒಂದು ಚಿಕ್ಕ ರಾಶಿ ಮಾಡಿ, ಉಷ್ಣಮಾಪಕವಿಟ್ಟು, ಅದರ ಕಾವು ದಿನದಿನಕ್ಕೆ ಹೇಗೆ ಏರಿ ಇಳಿಯುವುದೆಂದು ಬರೆದಿಡಬಹುದು. ಮುಷ್ಟಿಯಲ್ಲಿ ಹಿಂಡಿದರೆ ಕೈ ತೇವವಾಗಬೇಕು, ನೀರು ಹರಿಯಬಾರದು. ಹದವನ್ನು ತಿಳಿಯಲು ಇದಕ್ಕಿಂತ ದೊಡ್ಡ ಯಂತ್ರ ಬೇಡ. ಪ್ಲಾಸ್ಟಿಕ್ಕಿನ ಒಂದು ಚೂರೂ ಅದರೊಳಗೆ ಸೇರದಂತೆ ಕಾಯಬೇಕು. ಇಂತಹ ರಾಶಿಯೊಂದನ್ನು ಕೈಯಾರೆ ಮಾಡಿದವನಿಗೆ ಪಠ್ಯಪುಸ್ತಕದ ಸಾರಜನಕಚಕ್ರ ಬಾಯಿಪಾಠವಾಗಿ ಉಳಿಯುವುದಿಲ್ಲ; ಅರ್ಥವಾಗುತ್ತದೆ. ನಾಳೆ ಅವನು ನಗರಸಭೆಯಲ್ಲಿಯೋ ಕಾರಖಾನೆಯಲ್ಲಿಯೋ ಊರಿನ ಹೊಲದಲ್ಲಿಯೋ ನಿರ್ಧಾರ ಮಾಡುವ ಸ್ಥಾನಕ್ಕೆ ಬಂದಾಗ ಆ ತಿಳುವಳಿಕೆ ಕೆಲಸಕ್ಕೆ ಬರುತ್ತದೆ.

ಸಗಣಿಯಿಂದ ಅಂಗಳ ಸಾರಿಸಿ ರಂಗೋಲಿ ಇಡುವ ನಾಡಿನವರು ನಾವು. ಅದೇ ಸಗಣಿ ಹಳ್ಳಕ್ಕೆ ಬಿದ್ದರೆ ಮೀನು ಸಾಯುವುದು, ಮಗು ಕಾಯಿಲೆ ಬೀಳುವುದು. ವಸ್ತು ಒಂದೇ, ಇಟ್ಟ ಸ್ಥಳ ಬೇರೆ. ಮಣ್ಣಿನಿಂದ ಹುಲ್ಲಾಗಿ, ಹುಲ್ಲಿನಿಂದ ಹಾಲಾಗಿ ನಮಗೆ ಬಂದುದರಲ್ಲಿ ಉಳಿದುದನ್ನು ಮಣ್ಣಿಗೇ ಮರಳಿಸುವುದು ಋಣ ತೀರಿಸಿದಂತೆ. ಹಳ್ಳಕ್ಕೆ ನೂಕಿದರೆ ಎರಡು ಸಾಲಗಳು ಬೆಳೆಯುತ್ತವೆ: ಮಣ್ಣಿನದೊಂದು, ನೀರಿನದೊಂದು. ಅವುಗಳ ಬಡ್ಡಿಯನ್ನು ತೆರುವವರು ಇಂದು ಈ ಪುಟವನ್ನು ಓದುತ್ತಿರುವ ಕಿರಿಯರೇ ಆಗಿರುವುದರಿಂದ, ಲೆಕ್ಕವನ್ನು ಕೇಳುವ ಹಕ್ಕು ಮೊದಲು ಅವರಿಗೇ ಸೇರಿದ್ದು.